ಮೋಡೆಮ್ ಮಾತಾಡಿದರೂ ಕಷ್ಟ, ಸುಮ್ಮನಿದ್ದರೂ ಕಷ್ಟ

ಎಸ್‌ಸಿಒ ಯೂನಿಕ್ಸಿನಲ್ಲಿ ಒಂದೇ ಸೀರಿಯಲ್ ಪೋರ್ಟಿಗೆ ಎರಡು ಹೆಸರಿದ್ದವು. ಟಿಟಿವೈ1ಎ ಎಂಬುದರ ಕೊನೆಯ ‘ಎ’ ಇಂಗ್ಲಿಷಿನ ಚಿಕ್ಕಕ್ಷರವಾದರೆ ಒಂದು, ದೊಡ್ಡಕ್ಷರವಾದರೆ ಇನ್ನೊಂದು. ಎರಡೂ ಹೋಗಿ ಸೇರುತ್ತಿದ್ದದ್ದು ಯಂತ್ರದ ಬೆನ್ನಿಗಿದ್ದ ಅದೇ ಕಾಮ್1 ಸಾಕೆಟ್ಟಿಗೆ. ಚಿಕ್ಕ ಎ ಹೆಸರಿನಲ್ಲಿ ಕೇಳಿದರೆ ಆಚೆ ಯಾರಿದ್ದಾರೆಂದು ವಿಚಾರಿಸದೆ ಪೋರ್ಟು ತೆರೆದುಕೊಳ್ಳುತ್ತಿತ್ತು. ದೊಡ್ಡ ಎ ಹಾಗಲ್ಲ. ‘ಕ್ಯಾರಿಯರ್ (ಆಚೆ ಮೋಡೆಮ್ಮಿನ ಸ್ವರ) ಸಿಕ್ಕಿತು’ ಎಂದು ಮೋಡೆಮ್ ಒಂದು ತಂತಿಯಲ್ಲಿ ವೋಲ್ಟೇಜ್ ಎತ್ತಿ ತೋರಿಸುವ ತನಕ ಅದು ಕದ ತೆಗೆಯುತ್ತಿರಲಿಲ್ಲ. ಟರ್ಮಿನಲ್ಲಿಗೆ ಚಿಕ್ಕದು, ಮೋಡೆಮ್ಮಿಗೆ ದೊಡ್ಡದು. 1990ರ ದಶಕದ ಮೊದಲ ವರ್ಷಗಳಲ್ಲಿ ಸರ್ವಿಸ್ ಎಂಜಿನಿಯರ್ ಕೆಲಸಕ್ಕೆ ಸೇರಿ ಟೂಲ್ ಬ್ಯಾಗು ಹೆಗಲಿಗೇರಿಸಿದ ಈ ಲೇಖಕನಿಗೆ ಹಿರಿಯ ಸಹೋದ್ಯೋಗಿಗಳು ಹೇಳಿಕೊಟ್ಟ ಮೊದಲ ಪಾಠ ಇದು. ಊರೂರಿನ ಕಚೇರಿಗಳ ಲೆಕ್ಕ ರಾತ್ರಿಯೊಳಗೆ ಬೆಂಗಳೂರು ಸೇರುವುದೋ ಇಲ್ಲವೋ ಎಂಬುದು ಎಷ್ಟೋ ಸಲ ಒಂದು ಶಿಫ್ಟ್ ಕೀಲಿಯ ಮೇಲೆ ನಿಂತಿರುತ್ತಿತ್ತು.

ಆಗ ಪೇಟೆ ಪಟ್ಟಣಗಳಿಗೆ ಯೂನಿಕ್ಸ್ ಬಂದದ್ದು ಹೆಚ್ಚಾಗಿ ಬ್ಯಾಂಕುಗಳ ಬೆನ್ನು ಹತ್ತಿ. ಸಿ. ರಂಗರಾಜನ್ ಅಧ್ಯಕ್ಷತೆಯ ಸಮಿತಿ 1984ರಲ್ಲಿ ಬ್ಯಾಂಕುಗಳ ಯಾಂತ್ರೀಕರಣದ ವರದಿ ಕೊಟ್ಟ ಮೇಲೆ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು, ಪ್ರಾದೇಶಿಕ ಕಚೇರಿಗಳಿಗೆ ಮಿನಿ ಕಂಪ್ಯೂಟರುಗಳು ಬರತೊಡಗಿದವು. ವಿಪ್ರೊ, ಎಚ್‌ಸಿಎಲ್, ಬೆಂಗಳೂರಿನ ಪಿಎಸ್‌ಐ ಡೇಟಾ ಸಿಸ್ಟಮ್ಸ್ ಮುಂತಾದ ಕಂಪನಿಗಳು ಯೂನಿಕ್ಸ್ ಯಂತ್ರಗಳನ್ನು ದೇಶದಲ್ಲೇ ಕಟ್ಟಿ ಮಾರುತ್ತಿದ್ದವು. ಇಂಟೆಲ್‌ನ 386 ಚಿಪ್ಪು ಬಂದ ಮೇಲೆ ಅದರ ಜೊತೆಗೆ ಎಸ್‌ಸಿಒ ಝೆನಿಕ್ಸ್, 1989ರಿಂದ ಎಸ್‌ಸಿಒ ಯೂನಿಕ್ಸ್. ಒಂದು 386 ಪೆಟ್ಟಿಗೆ, ಅದರೊಳಗೊಂದು ಮಲ್ಟಿಪೋರ್ಟ್ ಕಾರ್ಡು, ಕಾರ್ಡಿಗೆ ಜೋತುಬಿದ್ದ ಎಂಟೋ ಹದಿನಾರೋ ಹಸಿರು ಪರದೆಯ ಟರ್ಮಿನಲ್ಲುಗಳು. ಕಂಪ್ಯೂಟರ್ ಕೋಣೆಗೆ ಏಸಿ, ಬಾಗಿಲಲ್ಲಿ ಚಪ್ಪಲಿಗಳ ಸಾಲು. ಮೂಲೆಯ ಸ್ಟೂಲಿನ ಮೇಲೆ ಟೆಲಿಫೋನು, ಅದರ ಪಕ್ಕದಲ್ಲಿ ಸಾಲು ಕೆಂಪು ದೀಪಗಳ ಚಪ್ಪಟೆ ಡಬ್ಬಿ. ಅದೇ ಮೋಡೆಮ್.

ಈ ಡಬ್ಬಿಯ ಭಾಷೆ ಹುಟ್ಟಿದ್ದು ಅಮೆರಿಕದಲ್ಲಿ. ಹೇಯ್ಸ್ ಕಂಪನಿ 1981ರಲ್ಲಿ ಸ್ಮಾರ್ಟ್‌ಮೋಡೆಮ್ ಹೊರತಂದಾಗ ‘ಎಟಿ’ ಎಂಬ ಎರಡಕ್ಷರದಿಂದ ಶುರುವಾಗುವ ಆಜ್ಞೆಗಳನ್ನು ಗೊತ್ತುಮಾಡಿತು. ಮಿಕ್ಕ ಕಂಪನಿಗಳೆಲ್ಲ ಅದನ್ನೇ ಅನುಸರಿಸಿದವು. ಆದರೆ ಅಮೆರಿಕದ ಮೋಡೆಮ್ಮಿಗೆ ಗೊತ್ತಿದ್ದದ್ದು ಅಮೆರಿಕದ ಟೆಲಿಫೋನು. ಅಲ್ಲಿಯ ಡಯಲ್ ಟೋನ್ 350 ಮತ್ತು 440 ಹರ್ಟ್ಸಿನ ಜೋಡಿ ಸ್ವರ. ಭಾರತದ್ದು 25 ಹರ್ಟ್ಸಿನಲ್ಲಿ ಏರಿಳಿಯುವ 400 ಹರ್ಟ್ಸಿನ ಸ್ವರ. ರಿಸೀವರ್ ಎತ್ತಿ ಕಿವಿಗಿಟ್ಟರೆ ಗುಂಯ್ ಎನ್ನುವ ಸದ್ದು ಸ್ಪಷ್ಟ ಕೇಳುತ್ತದೆ. ಮೋಡೆಮ್ ಮಾತ್ರ ‘ನೋ ಡಯಲ್‌ಟೋನ್’ ಎಂದು ಬರೆದು ಕೈಕಟ್ಟಿ ಕೂರುತ್ತದೆ. ಮದ್ದು ಎಟಿ ಎಕ್ಸ್3. ಡಯಲ್ ಟೋನಿಗೆ ಕಾಯಬೇಡ, ಸುಮ್ಮನೆ ಡಯಲ್ ಮಾಡು, ಎಂಗೇಜ್ ಇದ್ದರೆ ಮಾತ್ರ ಹೇಳು ಎಂದು ಅದರರ್ಥ.

ಡಯಲ್ ಮಾಡುವುದಾದರೂ ಹೇಗೆ? 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ಕಾರ್ಖಾನೆ ದಶಕಗಳ ಕಾಲ ತಯಾರಿಸಿದ್ದು ಸ್ಟ್ರೋಜರ್ ಎಕ್ಸ್‌ಚೇಂಜುಗಳನ್ನು. ಅವುಗಳಿಗೆ ಒತ್ತುಗುಂಡಿಯ ಸ್ವರ ಅರ್ಥವಾಗುತ್ತಿರಲಿಲ್ಲ. ಲೈನನ್ನು ಸೆಕೆಂಡಿಗೆ ಹತ್ತು ಸಲ ಕಡಿದು ಜೋಡಿಸುವ ಪಲ್ಸುಗಳೇ ಬೇಕು. ಅತ್ತ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ತನ್ನ 128 ಲೈನುಗಳ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜನ್ನು ಮೊದಲು ನಿಲ್ಲಿಸಿದ್ದು 1986ರಲ್ಲಿ, ಕಿತ್ತೂರಿನಲ್ಲಿ. ಹೀಗಾಗಿ ಹಳ್ಳಿಯ ಕಡೆ ಹೊಸ ಡಿಜಿಟಲ್ ಪೆಟ್ಟಿಗೆ, ಪಕ್ಕದ ಪಟ್ಟಣದಲ್ಲಿ ಇನ್ನೂ ಟಕಟಕ ಎನ್ನುವ ಸ್ಟ್ರೋಜರ್ ಎಂಬ ವಿಚಿತ್ರವೂ ಸಾಧ್ಯವಿತ್ತು. ಸ್ವರದಿಂದ ಡಯಲ್ ಮಾಡಿಸುವ ಎಟಿಡಿಟಿ ಆಜ್ಞೆ ಒಂದು ಕಡೆ ಸರಾಗವಾಗಿ ನಡೆದು ಇನ್ನೊಂದು ಕಡೆ ಸದ್ದಿಲ್ಲದೆ ಸೋಲುತ್ತಿತ್ತು. ಅಲ್ಲಿ ಪಲ್ಸಿನ ಎಟಿಡಿಪಿ ಕೊಡಬೇಕು. ಪಲ್ಸಿನೊಳಗೆ ಕಡಿದ ಹೊತ್ತು, ಕೂಡಿದ ಹೊತ್ತುಗಳ ಪ್ರಮಾಣ ಕೂಡ ಅಮೆರಿಕದ್ದಲ್ಲ, ಬ್ರಿಟಿಷ್ ಪದ್ಧತಿಯದು. ಅದಕ್ಕೆ ಬೇರೆಯೇ ಆಜ್ಞೆ, &ಪಿ1. ಕಚೇರಿಯ ಇಪಿಎಬಿಎಕ್ಸ್ ದಾಟಿ ಹೊರಗೆ ಹೋಗಬೇಕಾದರೆ ಮೊದಲು ಸೊನ್ನೆ, ಆಮೇಲೆ ಒಂದೆರಡು ಅಲ್ಪವಿರಾಮ. ಒಂದು ಅಲ್ಪವಿರಾಮಕ್ಕೆ ಮೋಡೆಮ್ ಎರಡು ಸೆಕೆಂಡು ಕಾಯುತ್ತಿತ್ತು.

ಲೈನು ಸರಿಹೋದ ಮೇಲೆ ಕೇಬಲ್ಲಿನ ಸರದಿ. ಟರ್ಮಿನಲ್ಲಿಗೆ ಮೂರು ತಂತಿ ಸಾಕು: ಕಳಿಸಲು ಒಂದು, ಪಡೆಯಲು ಒಂದು, ಗ್ರೌಂಡ್ ಒಂದು. ಯೂನಿಕ್ಸ್ ಇದ್ದ ಕಚೇರಿಗಳಲ್ಲಿ ಇಂಥ ಕೇಬಲ್ಲುಗಳಿಗೆ ಬರವಿರಲಿಲ್ಲ, ಆದ್ದರಿಂದ ಮೋಡೆಮ್ಮಿಗೂ ಅದನ್ನೇ ಚುಚ್ಚಿಡುತ್ತಿದ್ದರು. ಇಪ್ಪತ್ತೈದು ಪಿನ್ನಿನ ಕನೆಕ್ಟರಿನಲ್ಲಿ ಎಂಟನೆಯದು ಕ್ಯಾರಿಯರ್ ಬಂದ ಸುದ್ದಿ ತರುವ ಪಿನ್. ಇಪ್ಪತ್ತನೆಯದು ಕಂಪ್ಯೂಟರ್ ‘ನಾನು ಸಿದ್ಧ’ ಎಂದು ಹೇಳುವ ಪಿನ್. ಮೂರು ತಂತಿಯ ಕೇಬಲ್ಲಿನಲ್ಲಿ ಈ ಎರಡೂ ಇಲ್ಲ. ದೊಡ್ಡ ಎ ಎಂಟನೆಯ ಪಿನ್ನಿಗಾಗಿ ಕಾದೇ ಕಾಯುತ್ತದೆ, ಕರೆ ಮಾಡಿದವರಿಗೆ ಲಾಗಿನ್ ಬರುವುದೇ ಇಲ್ಲ. ಬೇಸತ್ತ ಯಾರೋ ಪೋರ್ಟನ್ನು ಚಿಕ್ಕ ಎ ಹೆಸರಿಗೆ ಬದಲಾಯಿಸುತ್ತಾರೆ. ಲಾಗಿನ್ ಬರುತ್ತದೆ, ಎಲ್ಲರಿಗೂ ಸಮಾಧಾನ. ನಿಜವಾದ ಅಪಾಯ ಶುರುವಾಗುವುದು ಅಲ್ಲಿಂದ. ಲೈನ್ ಮಧ್ಯದಲ್ಲೇ ಕಡಿದುಹೋದರೆ ಅದು ಯೂನಿಕ್ಸಿಗೆ ತಿಳಿಯುವುದಿಲ್ಲ. ಮೊದಲಿನವರ ಷೆಲ್ ಹಾಗೆಯೇ ಜೀವಂತವಾಗಿ ಕೂತಿರುತ್ತದೆ. ಮುಂದೆ ಕರೆ ಮಾಡಿದವರು ಪಾಸ್‌ವರ್ಡ್ ಇಲ್ಲದೆ ನೇರ ಅದರೊಳಕ್ಕೆ ಇಳಿಯುತ್ತಾರೆ. ಮೊದಲಿನವರು ಸರ್ವಾಧಿಕಾರದ ರೂಟ್ ಬಳಕೆದಾರರಾಗಿದ್ದರೆ ಇವರೂ ರೂಟ್.

ಮಲೆನಾಡಿನ ಒಂದು ಊರಿನ ಕಚೇರಿಯಿಂದ ಮಳೆಗಾಲದಲ್ಲಿ ಬಂದ ದೂರು ಈ ಲೇಖಕನಿಗೆ ಈಗಲೂ ನೆನಪಿದೆ. ದೂರಿನಲ್ಲಿ ಮೋಡೆಮ್ಮಿನ ಸುದ್ದಿಯೇ ಇರಲಿಲ್ಲ. ‘ಕಂಪ್ಯೂಟರ್ ನಿಧಾನವಾಗಿದೆ’ ಎಂದಷ್ಟೇ. ಟರ್ಮಿನಲ್ಲಿನಲ್ಲಿ ಖಾತೆ ಸಂಖ್ಯೆ ಒತ್ತಿದರೆ ಉತ್ತರಕ್ಕೆ ಕಾಯಬೇಕು. ಒಬ್ಬರು ವೈರಸ್ ಎಂದರು, ಇನ್ನೊಬ್ಬರು ಹಾರ್ಡ್ ಡಿಸ್ಕ್ ಹೋಗಿದೆ ಎಂದರು, ಮೂರನೆಯವರಿಗೆ ಏಸಿ ಮೇಲೆ ಅನುಮಾನ. ಕನ್ಸೋಲಿನಲ್ಲಿ ‘ಪಿಎಸ್’ ಆಜ್ಞೆ ಕೊಟ್ಟು ಪ್ರಕ್ರಿಯೆಗಳ ಪಟ್ಟಿ ತೆಗೆದಾಗ ದೊಡ್ಡ ಎ ಪೋರ್ಟಿನ ಮೇಲೆ ಒಂದು ಲಾಗಿನ್ ಕಂಡಿತು. ಮತ್ತೆ ತೆಗೆದರೆ ಅದೇ ಪೋರ್ಟು, ಆದರೆ ಪ್ರಕ್ರಿಯೆಯ ಸಂಖ್ಯೆ ಬೇರೆ. ಮತ್ತೊಮ್ಮೆ, ಮತ್ತೂ ಬೇರೆ. ಮೂಲೆಯ ಸ್ಟೂಲಿನ ಮೇಲೆ ಮೋಡೆಮ್ಮಿನ ಎಸ್‌ಡಿ, ಆರ್‌ಡಿ ದೀಪಗಳು ಬಿಡುವಿಲ್ಲದೆ ಮಿಣುಕುತ್ತಿದ್ದವು. ಒಂದು ಕಳಿಸುವ ದೀಪ, ಇನ್ನೊಂದು ಪಡೆಯುವ ದೀಪ. ಆದರೆ ಲೈನ್ ಎತ್ತಿದಾಗ ಹೊತ್ತಬೇಕಾದ ಓಎಚ್ ದೀಪ ಆರಿತ್ತು. ಫೋನಿನಲ್ಲಿ ಯಾರೂ ಇಲ್ಲ, ಮಾತುಕತೆ ಮಾತ್ರ ನಡೆದಿದೆ!

ನಡೆದದ್ದು ಇಷ್ಟು. ಸಿಡಿಲಿಗೆ ಹಳೆಯ ಮೋಡೆಮ್ ಸುಟ್ಟು ಹೊಸದು ಬಂದಿತ್ತು. ಅದಕ್ಕಿದ್ದದ್ದು ಕಾರ್ಖಾನೆಯ ಸೆಟ್ಟಿಂಗ್: ಕರೆ ಇರಲಿ ಇಲ್ಲದಿರಲಿ ಕ್ಯಾರಿಯರ್ ಪಿನ್ ಸದಾ ಎತ್ತಿ ಹಿಡಿಯುವುದು, ಕಂಪ್ಯೂಟರ್ ಬರೆದ ಪ್ರತಿ ಅಕ್ಷರವನ್ನೂ ಮರಳಿ ಒಪ್ಪಿಸುವುದು. ಪಿನ್ ಎತ್ತಿದ್ದು ಕಂಡು ಗೆಟ್ಟಿ ಎಂಬ ಪ್ರೋಗ್ರಾಮು ಎದ್ದು ‘ಲಾಗಿನ್’ ಎಂದು ಬರೆಯಿತು. ಮೋಡೆಮ್ ಅದನ್ನೇ ವಾಪಸು ಕಳಿಸಿತು. ‘ಲಾಗಿನ್’ ಎಂಬುದೇ ಬಳಕೆದಾರನ ಹೆಸರೆಂದು ತಿಳಿದ ಗೆಟ್ಟಿ ಅದನ್ನು ಲಾಗಿನ್ ಪ್ರೋಗ್ರಾಮಿಗೆ ಒಪ್ಪಿಸಿತು. ಅದು ಪಾಸ್‌ವರ್ಡ್ ಕೇಳಿತು. ಆ ಪ್ರಶ್ನೆಯೂ ಪ್ರತಿಧ್ವನಿಯಾಗಿ ಬಂತು. ಬಾವಿಗೆ ಬಾಯಿಟ್ಟು ಕೂಗಿದವನು ತನ್ನ ದನಿಯೊಡನೆಯೇ ಜಗಳಕ್ಕಿಳಿದ ಹಾಗೆ ಯೂನಿಕ್ಸ್ ಹಗಲು ರಾತ್ರಿ ತನ್ನನ್ನೇ ತಾನು ಲಾಗಿನ್ ಮಾಡಿಸಿಕೊಳ್ಳಲು ಹೆಣಗುತ್ತಿತ್ತು. ಪ್ರತಿ ಸೋಲಿಗೂ ಹೊಸ ಪ್ರಕ್ರಿಯೆ, ಪ್ರತಿ ಪ್ರಕ್ರಿಯೆಗೂ ಸಿಪಿಯುವಿನ ಒಂದು ತುತ್ತು. ಎಸ್‌ಸಿಒ ಯೂನಿಕ್ಸಿನ ಭದ್ರತಾ ವ್ಯವಸ್ಥೆಗೆ ಇನ್ನೊಂದು ಗುಣವಿತ್ತು: ವಿಫಲ ಲಾಗಿನ್‌ಗಳು ಮಿತಿ ಮೀರಿದರೆ ಆ ಟರ್ಮಿನಲ್ಲನ್ನೇ ಬೀಗ ಹಾಕಿಬಿಡುವುದು. ಅಂದರೆ ಇಂಥ ಪ್ರತಿಧ್ವನಿ ಕೊನೆಗೆ ಮೋಡೆಮ್ ಪೋರ್ಟನ್ನೇ ಮುಚ್ಚಿಸುತ್ತದೆ. ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಬಂದು ಬೀಗ ತೆಗೆದರೆ ಅದೇ ಕತೆ ಮೊದಲಿನಿಂದ.

ಪರಿಹಾರ ಒಂದು ಸಾಲು. ಪ್ರತಿಧ್ವನಿ ಬೇಡ ಎನ್ನಲು ಇ0. ‘ಓಕೆ’, ‘ರಿಂಗ್’ ಮುಂತಾದ ಉತ್ತರಗಳೂ ಬೇಡ ಎನ್ನಲು ಕ್ಯೂ1, ಏಕೆಂದರೆ ‘ರಿಂಗ್’ ಎಂಬುದನ್ನೂ ಗೆಟ್ಟಿ ಯಾರದೋ ಹೆಸರೆಂದೇ ತಿಳಿಯುತ್ತದೆ. ಕ್ಯಾರಿಯರ್ ನಿಜವಾಗಿ ಇದ್ದಾಗ ಮಾತ್ರ ಪಿನ್ ಎತ್ತಲು &ಸಿ1. ಕಂಪ್ಯೂಟರ್ ಕೈಬಿಟ್ಟ ಕೂಡಲೇ ಫೋನ್ ಇಡಲು &ಡಿ2. ಒಂದೇ ರಿಂಗಿಗೆ ಎತ್ತಲು ಎಸ್0=1. ಇವೆಲ್ಲ ಕರೆಂಟು ಹೋಗಿ ಬಂದರೂ ಉಳಿಯಲೆಂದು ಕೊನೆಗೆ &ಡಬ್ಲ್ಯೂ. ಇದನ್ನು ಟೈಪ್ ಮಾಡಿ ಎಂಟರ್ ಒತ್ತಿದ ಮೇಲೆ ಎರಡೂ ದೀಪ ಆರಿದವು, ಟರ್ಮಿನಲ್ಲುಗಳಿಗೆ ಚುರುಕು ಬಂತು. ವೈರಸ್ ಎಂದಿದ್ದವರು ಮಾತ್ರ ವೈರಸ್ಸೇ ಎಂದು ಹಟ ಹಿಡಿದರು.

ಒಳಬರುವ ಕರೆಗಳಿಗೆ ಹೀಗೆ ಬಾಯಿ ಕಟ್ಟಿದ ಮೋಡೆಮ್ ಹೊರಹೋಗುವ ಕರೆಗೆ ಕೆಲಸಕ್ಕೆ ಬಾರದು. ತಾನಾಗಿ ಡಯಲ್ ಮಾಡುವಾಗ ಯೂನಿಕ್ಸಿಗೆ ‘ಕನೆಕ್ಟ್’ ಎಂಬ ಉತ್ತರ ಬೇಕು, ‘ಬಿಸಿ’ ಆಗಿದ್ದರೆ ಅದು ಗೊತ್ತಾಗಬೇಕು. ಒಂದೇ ಲೈನು, ಒಂದೇ ಮೋಡೆಮ್. ಹಗಲು ಶಾಖೆಗಳು ಒಳಗೆ ಕರೆಯುತ್ತವೆ, ರಾತ್ರಿ ಇದು ಹೊರಗೆ ಕರೆಯಬೇಕು. ಗೆಟ್ಟಿಗೆ ಮೌನ ಬೇಕು, ಡಯಲರಿಗೆ ಮಾತು ಬೇಕು. ಕೆಲವು ಮೋಡೆಮ್ಮುಗಳಲ್ಲಿ ಇದಕ್ಕೆಂದೇ ಕ್ಯೂ2 ಇತ್ತು: ತಾನು ಕರೆ ಮಾಡಿದಾಗ ಉತ್ತರ ಹೇಳು, ಕರೆ ಬಂದಾಗ ಸುಮ್ಮನಿರು. ಅದಿಲ್ಲದ ಅಗ್ಗದ ಮೋಡೆಮ್ಮಿಗೆ ಡಯಲರ್ ಪ್ರೋಗ್ರಾಮೇ ಗತಿ. ಅದು ಕರೆಗೆ ಮುಂಚೆ ಕ್ಯೂ0 ಎಂದು ಬಾಯಿ ಬಿಚ್ಚಿಸಬೇಕು, ಕರೆ ಮುಗಿದ ಮೇಲೆ ಮತ್ತೆ ಕ್ಯೂ1 ಹಾಕಿ ಹೋಗಬೇಕು. ಎಸ್‌ಸಿಒ ತನ್ನ ಹೇಯ್ಸ್ ಡಯಲರಿನ ಸಿ ಭಾಷೆಯ ಮೂಲವನ್ನೂ ಕೊಡುತ್ತಿತ್ತು. ಸ್ಥಳೀಯ ಮೋಡೆಮ್ಮಿಗೆ ತಕ್ಕಂತೆ ನಾಲ್ಕಾರು ಸಾಲು ತಿದ್ದಿ ಕಂಪೈಲ್ ಮಾಡಿಕೊಳ್ಳಬಹುದಿತ್ತು. ಹೀಗೆ ತಿದ್ದಿದ ಡಯಲರನ್ನು ಫ್ಲಾಪಿಯಲ್ಲಿಟ್ಟುಕೊಂಡ ಎಂಜಿನಿಯರಿಗೆ ಊರೂರಲ್ಲಿ ಕಾಫಿಗೆ ಕೊರತೆಯಿರಲಿಲ್ಲ.

ರಾತ್ರಿಯೇ ಏಕೆ ಎಂದರೆ ದುಡ್ಡಿನ ಲೆಕ್ಕ. ರಾತ್ರಿ 11ರ ಮೇಲೆ ಎಸ್‌ಟಿಡಿ ದರ ಕಾಲು ಭಾಗಕ್ಕೆ ಇಳಿಯುತ್ತಿತ್ತು. ಕ್ರಾನ್ ಎಂಬ ಗಡಿಯಾರ ಪ್ರೋಗ್ರಾಮು ಆ ಹೊತ್ತಿಗೆ ಯುಯುಸಿಪಿಯನ್ನು ಎಬ್ಬಿಸುತ್ತಿತ್ತು. ಅದು ಡಯಲ್ ಮಾಡಿ, ಲಾಗಿನ್ ಆಗಿ, ಫೈಲುಗಳನ್ನು ದಾಟಿಸಿ ಮಲಗುತ್ತಿತ್ತು. ದೇಶದ ಇ-ಮೇಲ್ ಕೂಡ ಕಾಲೂರಿದ್ದು ಈ ಯುಯುಸಿಪಿಯ ಮೇಲೆಯೇ. 1986ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಶುರುವಾದ ಶಿಕ್ಷಣ-ಸಂಶೋಧನಾ ಜಾಲ ಅರ್ನೆಟ್ ಯೋಜನೆ ಮುಂಬೈನ ಎನ್‌ಸಿಎಸ್‌ಟಿ, ಐದು ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದವನ್ನು ಮೊದಮೊದಲು ಜೋಡಿಸಿದ್ದು ಡಯಲ್‌ಅಪ್ ಮೋಡೆಮ್ಮುಗಳಿಂದ.

ಯುಯುಸಿಪಿಯ ಲಾಗಿನ್ ಚೀಟಿಯಲ್ಲಿ ಒಂದು ತಮಾಷೆಯಿತ್ತು. ಆಚೆ ಯಂತ್ರದಿಂದ ‘ಲಾಗಿನ್’ ಬರುವುದನ್ನು ಕಾಯಬೇಕಾದ ಜಾಗದಲ್ಲಿ ಎಲ್ಲರೂ ಬರೆಯುತ್ತಿದ್ದದ್ದು ‘ಆಗಿನ್’ ಎಂದು. ಮೊದಲಕ್ಷರ ಒಂದು ಯಂತ್ರದಲ್ಲಿ ದೊಡ್ಡದು, ಇನ್ನೊಂದರಲ್ಲಿ ಚಿಕ್ಕದು; ಒಮ್ಮೊಮ್ಮೆ ಲೈನಿನ ಗದ್ದಲದಲ್ಲಿ ಅದು ಬರುವುದೇ ಇಲ್ಲ. ಅದನ್ನು ಬಿಟ್ಟುಬಿಟ್ಟರೆ ತಂಟೆಯಿಲ್ಲ. ಬೀಗದ ಫೈಲಿನ ತಂಟೆ ಬೇರೆ. ಪೋರ್ಟು ಹಿಡಿದ ಪ್ರೋಗ್ರಾಮು ತನ್ನ ಪ್ರಕ್ರಿಯೆ ಸಂಖ್ಯೆಯನ್ನು ಒಂದು ಲಾಕ್ ಫೈಲಿನಲ್ಲಿ ಬರೆದಿಡುತ್ತಿತ್ತು. ಮಧ್ಯದಲ್ಲಿ ಕರೆಂಟು ಹೋದರೆ ಫೈಲು ಮಾತ್ರ ಉಳಿಯುತ್ತದೆ. ಯಂತ್ರ ಎದ್ದ ಮೇಲೆ ಅದೇ ಸಂಖ್ಯೆ ಇನ್ನಾವುದೋ ಪ್ರಕ್ರಿಯೆಗೆ ಸಿಕ್ಕಿದರೆ ಮುಗಿಯಿತು. ಬೀಗ ಹಾಕಿದವರು ಇನ್ನೂ ಬದುಕಿದ್ದಾರೆಂದು ನಂಬಿ ಯುಯುಸಿಪಿ ಇಡೀ ರಾತ್ರಿ ಹೊರಗೇ ಕಾಯುತ್ತದೆ.

ಎಂಟನೆಯ ಬಿಟ್ಟಿನ ತಕರಾರು ಇವೆಲ್ಲಕ್ಕಿಂತ ಸೂಕ್ಷ್ಮ. ಒಂದು ತುದಿ ಏಳು ಬಿಟ್ಟು ಮತ್ತು ಈವನ್ ಪ್ಯಾರಿಟಿ, ಇನ್ನೊಂದು ತುದಿ ಎಂಟು ಬಿಟ್ಟು ಎಂದು ಹಿಡಿದು ಕೂತರೆ ಪರದೆಯ ಮೇಲೆ ಅರ್ಧದಷ್ಟು ಅಕ್ಷರಗಳು ಕೆಡುತ್ತವೆ. ಇಂಗ್ಲಿಷಿನ ‘ಲಾಗಿನ್’ ಪದದಲ್ಲಿ ಎಲ್, ಒ, ಐ ಮೂರೂ ನೆಟ್ಟಗೆ ಬಂದು ಜಿ ಮತ್ತು ಎನ್ ಮಾತ್ರ ವಿಕಾರವಾಗಿದ್ದರೆ ಅನುಭವಿಗಳು ಲೈನನ್ನು ಬೈಯುತ್ತಿರಲಿಲ್ಲ, ನೇರ ಪ್ಯಾರಿಟಿಗೆ ಕೈಹಾಕುತ್ತಿದ್ದರು. ಆ ಎರಡು ಅಕ್ಷರಗಳಲ್ಲಿ ಒಂದುಗಳ ಸಂಖ್ಯೆ ಬೆಸ, ಆದ್ದರಿಂದ ಅವಕ್ಕೆ ಮಾತ್ರ ಎಂಟನೆಯ ಬಿಟ್ಟು ಅಂಟಿಕೊಳ್ಳುತ್ತದೆ. ಕನ್ನಡಕ್ಕಂತೂ ಈ ಬಿಟ್ಟೇ ಪ್ರಾಣ. 1991ರಲ್ಲಿ ರಾಷ್ಟ್ರೀಯ ಮಾನಕವಾದ ಇಸ್ಕಿ ಸಂಕೇತದಲ್ಲಿ ಭಾರತೀಯ ಲಿಪಿಗಳೆಲ್ಲ ಕೂತದ್ದು ಮೇಲಿನ 128 ಮನೆಗಳಲ್ಲಿ. ದಾರಿಯಲ್ಲಿ ಯಾರಾದರೂ ಎಂಟನೆಯ ಬಿಟ್ಟು ಕಿತ್ತರೆ ‘ಕನ್ನಡ’ ಎಂಬ ಪದ ಆಚೆ ತುದಿಯಲ್ಲಿ 3, ಎಫ್, ಎಚ್, ಎಫ್ ಮತ್ತೊಂದು ಪ್ರಶ್ನಾರ್ಥಕ ಚಿಹ್ನೆಯಾಗಿ ಇಳಿಯುತ್ತದೆ.

ಫ್ಲೋ ಕಂಟ್ರೋಲ್ ಅದರ ಒಡಹುಟ್ಟು. ‘ಸ್ವಲ್ಪ ತಡಿ’ ಎನ್ನಲು ಕಂಟ್ರೋಲ್-ಎಸ್, ‘ಇನ್ನು ಬಾ’ ಎನ್ನಲು ಕಂಟ್ರೋಲ್-ಕ್ಯೂ ಬಳಸುವ ಹಳೆಯ ಪದ್ಧತಿ ಮನುಷ್ಯ ಓದುವ ಪಠ್ಯಕ್ಕೆ ಸರಿ. ಯುಯುಸಿಪಿಯ ಬೈನರಿ ಪ್ಯಾಕೆಟ್ಟುಗಳೊಳಗೆ ಅದೇ ಎರಡು ಬೈಟುಗಳು ಸಹಜವಾಗಿ ಬಂದಾಗ ಮೋಡೆಮ್ ಅವನ್ನು ಆಜ್ಞೆಯೆಂದು ತಿಳಿದು ನುಂಗುತ್ತಿತ್ತು. ಲಾಗಿನ್ ಸಲೀಸು, ಫೈಲು ಮಾತ್ರ ಹೋಗದು. ಆರ್‌ಟಿಎಸ್, ಸಿಟಿಎಸ್ ತಂತಿಗಳಿರುವ ಪೂರ್ತಿ ಕೇಬಲ್ ಹಾಕಿ, ಎರಡೂ ಕಡೆ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಕೊಟ್ಟರಷ್ಟೇ ಬಿಡುಗಡೆ.

ಇಷ್ಟೆಲ್ಲ ದೋಷಗಳಲ್ಲಿ ನಿಜಕ್ಕೂ ಕೆಟ್ಟುಹೋದ ವಸ್ತು ಅಪರೂಪ. ಎಕ್ಸ್‌ಚೇಂಜು ತನ್ನ ನಿಯಮದಂತೆ ಸರಿ, ಮೋಡೆಮ್ ತನ್ನ ಕೈಪಿಡಿಯಂತೆ ಸರಿ, ಗೆಟ್ಟಿಯೂ ಸರಿ. ಒಬ್ಬರ ನಿಯಮ ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೇ. ಆದ್ದರಿಂದ ಒಳ್ಳೆಯ ಎಂಜಿನಿಯರುಗಳು ಡಬ್ಬಿ ಬದಲಾಯಿಸುವುದಕ್ಕೆ ಅವಸರಪಡದೆ ಕೆಳಗಿನಿಂದ ಮೇಲಕ್ಕೆ ಹೋಗುತ್ತಿದ್ದರು. ಮೊದಲು ಕೈಫೋನು ಹಚ್ಚಿ ಲೈನಿನ ಗೊರಗೊರ ಕೇಳುವುದು. ಮಳೆಗಾಲವಾದರೆ ಕೇಬಲ್ಲಿಗೆ ನೀರಿಳಿದಿದೆಯೇ ಎಂದು ಲೈನ್‌ಮ್ಯಾನನ್ನು ಕರೆಸುವುದು. ಆಮೇಲೆ ಬ್ರೇಕ್‌ಔಟ್ ಬಾಕ್ಸ್ ನಡುವೆ ಸೇರಿಸಿ ಯಾವ ಪಿನ್ನಿನಲ್ಲಿ ದೀಪ ಹೊತ್ತಿದೆ ನೋಡುವುದು. ಗೆಟ್ಟಿಯನ್ನು ನಿಲ್ಲಿಸಿ, ‘ಸಿಯು’ ಎಂಬ ಪುಟ್ಟ ಪ್ರೋಗ್ರಾಮಿನಿಂದ ಚಿಕ್ಕ ಎ ಹಿಡಿದು, ಎಟಿ ಎಂದು ಒತ್ತಿ ಓಕೆ ಬರುತ್ತದೆಯೇ ಪರೀಕ್ಷಿಸುವುದು. ಅದಾದ ಮೇಲೆ ಕೈಯಿಂದ ಡಯಲ್. ಯುಯುಸಿಪಿಯ ಫೈಲುಗಳನ್ನು ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದ ಮೇಲೆ ಇದೇ ವಿದ್ಯೆ ಮನೆಗಳಿಗೆ ಬಂತು. ಬೆಂಗಳೂರಿನಲ್ಲಿ ಮೋಡೆಮ್ ಹುಚ್ಚಿನವರ ಗುಂಪು ಮೊದಲೇ ಇತ್ತು. ಅತುಲ್ ಚಿಟ್ನಿಸ್ ಅವರು 1989ರಲ್ಲಿ ಶುರುಮಾಡಿದ ಸಿಐಎಕ್ಸ್ ಬುಲೆಟಿನ್ ಬೋರ್ಡ್ ಅದರ ಅಡ್ಡೆಗಳಲ್ಲೊಂದು. ಅವರು ಬರೆಯುತ್ತಿದ್ದ ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆಗೆ ಬಂದ ಸಿಡಿಗಳಿಂದಲೇ ಎಷ್ಟೋ ಮಂದಿ ಲಿನಕ್ಸ್ ಮುಖ ಕಂಡರು. ಲಿನಕ್ಸಿನಲ್ಲಿ ಪೋರ್ಟಿನ ಹೆಸರು ಟಿಟಿವೈಎಸ್0 ಆಯಿತು, ಯುಯುಸಿಪಿಯ ಜಾಗಕ್ಕೆ ಫೋನ್ ಲೈನಿನಲ್ಲಿ ಇಂಟರ್ನೆಟ್ ಹರಿಸುವ ಪಿಪಿಪಿ ಬಂತು. ಕಾಯಿಲೆಗಳು ಮಾತ್ರ ಹಳೆಯವೇ. ಪಿಪಿಪಿ ಸಂಪರ್ಕ ಕೂಡದಿದ್ದಾಗ ಲಾಗ್ ಫೈಲಿನಲ್ಲಿ ‘ಲೈನು ಎಂಟು ಬಿಟ್ಟಿನ ಮಟ್ಟಿಗೆ ಶುದ್ಧವಾಗಿಲ್ಲ’ ಎಂಬ ದೂರು ಬೀಳುತ್ತಿತ್ತು. ಅದನ್ನು ನಂಬಿ ಕೇಬಲ್ ಬದಲಾಯಿಸಿದವರುಂಟು. ಬಹುಪಾಲು ಸಂದರ್ಭಗಳಲ್ಲಿ ಆಚೆ ಯಂತ್ರ ಇನ್ನೂ ಲಾಗಿನ್ ಪ್ರಶ್ನೆಯಲ್ಲೇ ನಿಂತಿರುತ್ತಿತ್ತು, ಇವರು ಪಿಪಿಪಿ ಶುರುಮಾಡಿರುತ್ತಿದ್ದರು. ಅದು ಕಳಿಸಿದ ಇಂಗ್ಲಿಷ್ ಪಠ್ಯದಲ್ಲಿ ಎಂಟನೆಯ ಬಿಟ್ಟು ಬರುವುದಾದರೂ ಎಲ್ಲಿಂದ?

ವೇಗ ಹೆಚ್ಚಿದಂತೆ ಸೀರಿಯಲ್ ಚಿಪ್ಪಿನ ಬಡತನವೂ ಬಯಲಾಯಿತು. 38,400 ವೇಗದಲ್ಲಿ ಸೆಕೆಂಡಿಗೆ 3,840 ಅಕ್ಷರ ಬರುತ್ತವೆ. ಹಳೆಯ 8250, 16450 ಚಿಪ್ಪುಗಳ ಕೈಯಲ್ಲಿ ಹಿಡಿಯುತ್ತಿದ್ದದ್ದು ಒಂದೇ ಅಕ್ಷರ. ಡಿಸ್ಕಿನ ಕೆಲಸದಲ್ಲಿ ಮುಳುಗಿದ ಸಿಪಿಯು ಬರುವುದು ಕೊಂಚ ತಡವಾದರೆ ಅದು ಬಿದ್ದುಹೋಗುತ್ತಿತ್ತು. 16550ಎ ಚಿಪ್ಪು ಹದಿನಾರು ಅಕ್ಷರ ಕೂಡಿಡಬಲ್ಲದು. ಹೀಗಾಗಿ ಹೊಸ ಮೋಡೆಮ್ ಕೊಳ್ಳುವ ಮುಂಚೆ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹೊಸ ಐ/ಒ ಕಾರ್ಡು ಹುಡುಕುವುದೇ ಜಾಣತನವಾಯಿತು. ದಶಕದ ಕೊನೆಗೆ ವಿನ್‌ಮೋಡೆಮ್ ಬಂದದ್ದೇ ಲಿನಕ್ಸ್‌ನವರ ಗೋಳು ಇನ್ನೊಂದು ಸುತ್ತು ಶುರು. ಕಾರ್ಡಿನ ಮೇಲೆ ಚಿಪ್ಪುಗಳೇ ಕಡಿಮೆ, ಕೆಲಸವೆಲ್ಲ ವಿಂಡೋಸ್ ಡ್ರೈವರಿನದು. ಎಟಿ ಎಂದರೆ ಉತ್ತರ ಕೊಡಲು ಅಲ್ಲಿ ಯಾರೂ ಇರಲಿಲ್ಲ.

ಹೇಯ್ಸ್ ಕಂಪನಿ ಈಗಿಲ್ಲ. ಸ್ಟ್ರೋಜರ್ ಗುಜರಿ ಸೇರಿತು. ಎಟಿ ಆಜ್ಞೆಗಳು ಮಾತ್ರ ಇನ್ನೂ ಚಾಲ್ತಿಯಲ್ಲಿವೆ. ಮೊಬೈಲ್ ಜಾಲಗಳ ಮಾನಕ ರೂಪಿಸುವ 3ಜಿಪಿಪಿ ಅವನ್ನು ತನ್ನ 27.007 ಎಂಬ ದಾಖಲೆಯಲ್ಲಿ ಸೇರಿಸಿ ಬೆಳೆಸಿದೆ. ಮನೆಯ ಮೂಲೆಯಲ್ಲಿ ಹಳೆಯ ಯುಎಸ್‌ಬಿ ಡಾಂಗಲ್ ಬಿದ್ದಿದ್ದರೆ ಲಿನಕ್ಸ್ ಯಂತ್ರಕ್ಕೆ ಚುಚ್ಚಿ ನೋಡಬಹುದು. ಅನೇಕ ಡಾಂಗಲ್ಲುಗಳು ಟಿಟಿವೈಯುಎಸ್‌ಬಿ0 ಎಂಬ ಸೀರಿಯಲ್ ಪೋರ್ಟಾಗಿ ಕಾಣಿಸಿಕೊಳ್ಳುತ್ತವೆ. ಮಿನಿಕಾಮ್ ಎಂಬ ಪ್ರೋಗ್ರಾಮು ತೆರೆದು ಎಟಿ ಎಂದು ಒತ್ತಿ, ಓಕೆ ಎನ್ನುತ್ತದೆ. ಎಟಿ+ಸಿಎಸ್‌ಕ್ಯೂ ಎಂದರೆ ಸಿಗ್ನಲ್ ಎಷ್ಟಿದೆಯೆಂದು 0ಯಿಂದ 31ರೊಳಗಿನ ಒಂದು ಅಂಕಿಯಲ್ಲಿ ಹೇಳುತ್ತದೆ. ಏನೂ ಹೇಳದೆ ಸುಮ್ಮನೆ ಕೂತರೆ ಡಾಂಗಲ್ಲನ್ನು ಎಸೆಯುವ ಮುಂಚೆ ಎಟಿ ಇ1 ಕ್ಯೂ0 ಎಂದು ಒಮ್ಮೆ ಕೊಟ್ಟು ನೋಡಿ.